ಬೀಳಿಸಿ ನೋಡು, ಎತ್ತಿ ನೋಡು

ಲೇಹ್‌ಗೆ ಹೊರಡಲು ಇನ್ನು ಹತ್ತೇ ದಿನ ಅನ್ನುವಾಗ, ಒಂದು ಬೆಳಿಗ್ಗೆ ನನ್ನ ಬೈಕನ್ನು ಮನೆ ಪಕ್ಕದ ಖಾಲಿ ಸೈಟಿನಲ್ಲಿ ಬೇಕೆಂದೇ ಕೆಡವಿದೆ. ಸ್ಯಾಡಲ್ ಬ್ಯಾಗು, ಟೇಲ್ ಬ್ಯಾಗು, ಟೆಂಟು, ಒಲೆ, ಕ್ಯಾಮೆರಾ ಎಲ್ಲ ಕಟ್ಟಿ, ಹೊರಡುವ ದಿನ ಗಾಡಿ ಹೇಗಿರಬೇಕೋ ಹಾಗೆ ಸಿಂಗರಿಸಿ, ಮೆಲ್ಲಗೆ ಎಡಕ್ಕೆ ವಾಲಿಸಿ ಮಲಗಿಸಿದೆ. ಎದುರು ಮನೆಯ ಅಜ್ಜಿ ದಾಸವಾಳ ಕೀಳುತ್ತಿದ್ದವರು ಬುಟ್ಟಿ ಬಿಟ್ಟು ಓಡಿಬಂದರು. "ಅಯ್ಯೋ, ಬಿದ್ಯೇನೋ ಮಗಾ?" ಅಂದರು. "ಇಲ್ಲ ಅಜ್ಜಿ, ನಾನೇ ಬೀಳಿಸ್ದೆ" ಅಂದದ್ದಕ್ಕೆ ಅವರು ನನ್ನ ಮುಖವನ್ನು ಒಂದು ಕ್ಷಣ ದಿಟ್ಟಿಸಿ, ಏನೂ ಹೇಳದೆ ಹೂವಿನ ಗಿಡದ ಹತ್ತಿರ ವಾಪಸಾದರು.

ಈ ಪರೀಕ್ಷೆ ನನ್ನ ಬುದ್ಧಿಯಿಂದ ಹುಟ್ಟಿದ್ದಲ್ಲ. ನಮ್ಮ ಏರಿಯಾದ ಮೆಕ್ಯಾನಿಕ್ ಭಾಯ್ ಹೇಳಿದ್ದು. "ಎಲ್ಲಾ ಸಾಮಾನು ಕಟ್ಟಿ, ಆಮೇಲೆ ಬೀಳಿಸಿ ಸಾರ್. ಒಬ್ರೇ ಎತ್ತಕ್ಕಾದ್ರೆ ಹೋಗಿ. ಆಗ್ಲಿಲ್ವಾ, ಸಾಮಾನು ಬಿಚ್ಚಿ." ಮೂರು ಸಲ ಪ್ರಯತ್ನಿಸಿದೆ. ಮೂರನೇ ಸಲ ಗಾಡಿ ಮೊಣಕಾಲೆತ್ತರಕ್ಕೆ ಬಂದು, ಅಲ್ಲೇ ಯೋಚನೆ ಮಾಡಿ, ಮತ್ತೆ ಮಲಗಿತು. ಕೊನೆಗೆ ಹಾಲಿನ ಹುಡುಗ ಕೈ ಹಾಕಿದ. ಸಂಜೆ ಭಾಯ್ ಬಂದು ಸುತ್ತು ಹಾಕಿ ನೋಡಿ ಅಂದದ್ದು ಇಷ್ಟೇ: "ಸಾರ್, ನೀವು ಗಾಡಿಗೆ ಸಾಮಾನು ಕಟ್ಟಿಲ್ಲ. ಸಾಮಾನಿಗೆ ಗಾಡಿ ಕಟ್ಟಿದ್ದೀರ."

ಮರುದಿನ ಬ್ಯಾಗುಗಳನ್ನು ಹಳೇ ಪೇಪರ್ ಅಂಗಡಿಯ ತಕ್ಕಡಿಗೆ ಹಾಕಿಸಿದೆ. 43 ಕೆ.ಜಿ. ನನ್ನ ಗಾಡಿ ಹೀರೋ ಎಕ್ಸ್‌ಪಲ್ಸ್ 200 4ವಿ. ಪೆಟ್ರೋಲ್ ತುಂಬಿದಾಗ ಅದರದೇ ತೂಕ ಸುಮಾರು 158 ಕೆ.ಜಿ. ಅಂದರೆ ಗಾಡಿಯ ಕಾಲು ಭಾಗಕ್ಕೂ ಹೆಚ್ಚನ್ನು ಅದರ ಬೆನ್ನ ಮೇಲೆ ಹೇರಿದ್ದೆ. ಇನ್ನು ನಾನೂ ಕೂರಬೇಕಿತ್ತಲ್ಲ.

ಎತ್ತುವುದಕ್ಕೂ ಒಂದು ವರಸೆ ಇದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊದಲು ಎಂಜಿನ್ ಆಫ್. ಗಾಡಿ ಒಂದನೇ ಗೇರಿನಲ್ಲಿರಬೇಕು, ನ್ಯೂಟ್ರಲ್‌ನಲ್ಲಿದ್ದರೆ ಎತ್ತುವಾಗ ಉರುಳಿಕೊಂಡು ಹೋಗುತ್ತದೆ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಬಿಡಿಸಿಡಿ. ಮರೆತಿರೋ, ಕಷ್ಟಪಟ್ಟು ಎತ್ತಿದ ಗಾಡಿ ಆ ಕಡೆಗೆ ಹೋಗಿ ಮಲಗುತ್ತದೆ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಗೆ ಕೆಳಗಿನ ಗ್ರಿಪ್ಪು, ಇನ್ನೊಂದು ಕೈಗೆ ಹಿಂದಿನ ಕಂಬಿ ಹಿಡಿದು, ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತ ಏಳಬೇಕು. ಬಲವೆಲ್ಲ ತೊಡೆಯದು. ಸೊಂಟ ಬಗ್ಗಿಸಿ ಎಳೆದವರು ಲೇಹ್ ಬದಲು ಮೂಳೆ ಡಾಕ್ಟರರ ಬಳಿ ಹೋಗುತ್ತಾರೆ.

ಬೀಳುವುದರ ಬಗ್ಗೆ ಇಷ್ಟು ಯಾಕೆ ಅಂದರೆ, ಈ ಜಾತಿಯ ಗಾಡಿ ಬಿದ್ದೇ ಬೀಳುತ್ತದೆ. ಡ್ಯುಯಲ್ ಸ್ಪೋರ್ಟ್ ಬೈಕ್ ಎರಡು ದೋಣಿಗೆ ಕಾಲಿಟ್ಟ ಗಾಡಿ: ಒಂದು ಕಾಲು ಟಾರಿನ ಮೇಲೆ, ಇನ್ನೊಂದು ಮಣ್ಣಿನ ಮೇಲೆ. ನಮ್ಮಲ್ಲಿ ಈ ಮಾದರಿಗೆ 2011ರ ಹೀರೋ ಇಂಪಲ್ಸ್ ಬಾಗಿಲು ತೆರೆಯಿತು. ಕೊಳ್ಳುವವರು ಆಗಿನ್ನೂ ಸಿದ್ಧರಿರಲಿಲ್ಲ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಎಕ್ಸ್‌ಪಲ್ಸ್, 2020ರಲ್ಲಿ ಕೆಟಿಎಂ 390 ಅಡ್ವೆಂಚರ್, 2023ರ ಕೊನೆಗೆ ಹಿಮಾಲಯನ್ 450 ಬಂದ ಮೇಲೆ ಅದೇ ಒಂದು ದೊಡ್ಡ ಸಂತೆಯಾಯಿತು. ಹಿಮಾಲಯನ್ ಮತ್ತು ಎಕ್ಸ್‌ಪಲ್ಸ್ ಎರಡಕ್ಕೂ ಮುಂದೆ 21 ಇಂಚಿನ ಕಡ್ಡಿ ಚಕ್ರ. ದೊಡ್ಡ ಚಕ್ರ ಕಲ್ಲಿಗೆ ಗುದ್ದುವುದಿಲ್ಲ, ಹತ್ತುತ್ತದೆ. ನಮ್ಮ ಎತ್ತಿನ ಗಾಡಿಯ ಚಕ್ರ ಅಷ್ಟೆತ್ತರ ಇದ್ದದ್ದೂ ಅದೇ ಕಾರಣಕ್ಕೆ. ಹೊಟ್ಟೆಯ ಕೆಳಗೆ 220 ಮಿ.ಮೀ. ಜಾಗ. ನನ್ನ ಗಾಡಿಯ ಶಾಕ್ ಅಬ್ಸಾರ್ಬರ್ ಹಳ್ಳ ಬಂದಾಗ ಹಿಂದಿನ ಚಕ್ರವನ್ನು 170 ಮಿ.ಮೀ. ಮೇಲೆ ಕೆಳಗೆ ಓಡಾಡಲು ಬಿಡುತ್ತದೆ. ಈ ಎಲ್ಲದರ ಬೆಲೆ ಎತ್ತರ. ಸೀಟು ನೆಲದಿಂದ ಸುಮಾರು 825 ಮಿ.ಮೀ. ಮೇಲಿದೆ, ಐದಡಿ ಐದಂಗುಲದ ನನಗೆ ಸಿಗ್ನಲ್‌ನಲ್ಲಿ ಒಂದು ಕಾಲಿನ ತುದಿಬೆರಳು ಮಾತ್ರ ಸಿಗುತ್ತದೆ. ಕಲ್ಲುದಾರಿಯಲ್ಲಿ ಅದೂ ಸಿಗದ ಕಡೆ ಗಾಡಿ ವಾಲುತ್ತದೆ. ವಾಲಿದ 158 ಕೆ.ಜಿ.ಯನ್ನು ಕಾಲು ತಡೆದೀತು, 200 ಕೆ.ಜಿ.ಯನ್ನು ತಡೆಯದು.

ದೊಡ್ಡ ಎಂಜಿನ್ ಕೊಂಡರೆ ತೊಂದರೆ ಇಲ್ಲ ಅನ್ನುವವರಿದ್ದಾರೆ. ಡಕಾರ್ ರ್‍ಯಾಲಿಯ ಬೈಕುಗಳಿಗೇ 450 ಸಿಸಿ ಮಿತಿ ಇದೆ, ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಆ ಓಟ ಮುಗಿಸಿದ ಮೊದಲ ಭಾರತೀಯನಾದದ್ದು ಅಂಥದೇ ಗಾಡಿಯಲ್ಲಿ. ಮರಳುಗಾಡು ದಾಟಲು ಅಷ್ಟು ಸಾಕಾದರೆ ಮನಾಲಿ ದಾಟಲು ನಮಗೆ ಇನ್ನೆಷ್ಟು ಬೇಕು?

ಸರಿ, 43 ಕೆ.ಜಿ. ಇಳಿಸುವುದು ಹೇಗೆ? ಅದಕ್ಕಿಂತ ಮೊದಲು, ಉಳಿದದ್ದನ್ನು ಎಲ್ಲಿಡುವುದು ಎಂಬುದು ದೊಡ್ಡ ಪ್ರಶ್ನೆ. ಹೆಚ್ಚಿನವರು ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ: ಕ್ಯಾರಿಯರ್ ಇದೆ, ಅದರ ಮೇಲೆ ಏರಿಸು. ಕ್ಯಾರಿಯರ್ ಇರುವುದು ಹಿಂದಿನ ಚಕ್ರದ ಅಚ್ಚಿಗಿಂತ ಹಿಂದೆ. ಏತದ ಮರ ನೋಡಿದವರಿಗೆ ಮುಂದಿನದು ಗೊತ್ತಾಗುತ್ತದೆ. ಹಿಂದಿನ ಅಚ್ಚಿನಿಂದ ಒಂದಡಿ ಹಿಂದಕ್ಕೆ 20 ಕೆ.ಜಿ. ಇಟ್ಟರೆ, ಮುಂದಿನ ಚಕ್ರದ ಮೇಲಿನ ಭಾರದಲ್ಲಿ ನಾಲ್ಕು ಕೆ.ಜಿ.ಗೂ ಹೆಚ್ಚು ಕಡಿಮೆಯಾಗುತ್ತದೆ. ಟಾರಿನಲ್ಲಿ ಇದು ಗೊತ್ತಾಗುವುದಿಲ್ಲ. ಕಡಿದಾದ ಏರಿನಲ್ಲಿ, ಸಡಿಲ ಜಲ್ಲಿಯ ತಿರುವಿನಲ್ಲಿ ಗೊತ್ತಾಗುತ್ತದೆ: ಹ್ಯಾಂಡಲ್ ತಿರುಗಿಸುತ್ತೀರಿ, ಗಾಡಿ ತನ್ನ ಪಾಡಿಗೆ ನೇರ ಹೋಗುತ್ತದೆ. ಹಾಗಾಗಿ ಟೂಲ್ಸು, ಟ್ಯೂಬು, ನೀರು, ಪೆಟ್ರೋಲು ಥರದ ಭಾರದ್ದೆಲ್ಲ ಕೆಳಗೆ, ಮುಂದಕ್ಕೆ, ಸವಾರನ ತೊಡೆಗೆ ಎಷ್ಟು ಹತ್ತಿರ ಆದೀತೋ ಅಷ್ಟು ಹತ್ತಿರ. ಹಿಂದಿನ ಕ್ಯಾರಿಯರಿನ ಮೇಲೆ ಹತ್ತಿ ತುಂಬಿದ ಜಾಕೆಟ್, ಸ್ಲೀಪಿಂಗ್ ಬ್ಯಾಗು, ಅಂಥವು ಮಾತ್ರ. ಹಿಂದೆ ಇನ್ನೊಬ್ಬರು ಕೂರುವುದಾದರೆ ಈ ಲೇಖನದ ಲೆಕ್ಕವೆಲ್ಲ ಬೇರೆ. ಬೇರೆ ಗಾಡಿಯನ್ನೇ ನೋಡಿ.

ಭಾರ ಕಟ್ಟಿದ ಮೇಲೆ ಶಾಕ್ ಅಬ್ಸಾರ್ಬರನ್ನು ಹೊಂದಿಸದೆ ಹೋಗುವವರೇ ಹೆಚ್ಚು. ಹಾಗೆ ಹೋದರೆ ಹಿಂಭಾಗ ಕುಸಿದು ಹೆಡ್‌ಲೈಟು ಎದುರಿನವರ ಹಣೆಗೆ ಬಡಿಯುತ್ತದೆ, ಪ್ರತಿ ಹಳ್ಳಕ್ಕೂ ಸ್ಪ್ರಿಂಗ್ ತಳ ಮುಟ್ಟುತ್ತದೆ. ಅಳತೆಗೆ ಬೇಕಾದ್ದು ಟೈಲರ್ ಟೇಪು ಮತ್ತು ಒಬ್ಬ ಸ್ನೇಹಿತ. ಗಾಡಿಯನ್ನು ಹಿಡಿದೆತ್ತಿ ಹಿಂದಿನ ಚಕ್ರ ನೆಲ ಬಿಟ್ಟಿರುವಾಗ ಅಚ್ಚಿನಿಂದ ಮೇಲಿನ ಮಡ್‌ಗಾರ್ಡಿನ ಒಂದು ಗುರುತಿಗೆ ಎಷ್ಟು ಅಂತ ಅಳೆಯಿರಿ. ಆಮೇಲೆ ಸಾಮಾನೆಲ್ಲ ಕಟ್ಟಿ, ಹೆಲ್ಮೆಟ್ಟು ಬೂಟು ಸಮೇತ ನೀವೂ ಕೂತು, ಅದೇ ಎರಡು ಗುರುತಿನ ನಡುವೆ ಮತ್ತೆ ಅಳೆಸಿ. ಎರಡರ ವ್ಯತ್ಯಾಸ ಒಟ್ಟು ಓಡಾಟದ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇರಬೇಕು. ನನ್ನ ಗಾಡಿಗೆ ಅದು 50ರಿಂದ 55 ಮಿ.ಮೀ. ಬಂದದ್ದು 80. ಸ್ಪ್ರಿಂಗಿನ ಪ್ರೀಲೋಡ್ ಬಿಗಿ ಮಾಡುತ್ತ ಹೋದೆ. ಬಿಗಿ ಮಾಡಲು ಇನ್ನು ಜಾಗವಿಲ್ಲ ಎಂದಾದಾಗಲೂ 70ರ ಹತ್ತಿರವೇ ನಿಂತಿತ್ತು. ಭಾಯ್ ಕೂಗಿ ಹೇಳಿದ್ದನ್ನು ಟೈಲರ್ ಟೇಪು ಮೆತ್ತಗೆ ಹೇಳಿತು.

ಬಿಚ್ಚತೊಡಗಿದೆ. ಟೆಂಟು ಮೊದಲು ಹೋಯಿತು, ಮನಾಲಿ–ಲೇಹ್ ದಾರಿಯಲ್ಲಿ ಜಿಸ್ಪಾ, ಸರ್ಚು, ಪಾಂಗ್‌ನಲ್ಲಿ ಬೇಸಿಗೆ ಪೂರ್ತಿ ಬಾಡಿಗೆ ಡೇರೆಗಳಿರುತ್ತವೆ. ಒಲೆಯೂ ಹೋಯಿತು, ಡಾಬಾ ಇರುವ ದೇಶದಲ್ಲಿ ಒಲೆ ಹೊರುವುದು ತಿರುಪತಿಗೆ ಲಡ್ಡು ಒಯ್ದ ಹಾಗೆ. ಐದು ಜೀನ್ಸಿನ ಬದಲು ಒಂದು ರೈಡಿಂಗ್ ಪ್ಯಾಂಟು, ಒಂದು ಪೈಜಾಮ. ಎರಡು ಲೆನ್ಸು ಮನೆಯಲ್ಲೇ. ಕೊನೆಗೆ ತಕ್ಕಡಿ 24 ಕೆ.ಜಿ. ತೋರಿಸಿತು. ಖಾಲಿ ಸೈಟಿನಲ್ಲಿ ಮತ್ತೆ ಬೀಳಿಸಿದೆ. ಎರಡನೇ ಪ್ರಯತ್ನಕ್ಕೆ ಎದ್ದಿತು. ಅಜ್ಜಿ ಈ ಸಲ ಕೇಳಲೂ ಇಲ್ಲ.

ಬ್ಯಾಗಿನ ಮಾತು. ಹೊಳೆಯುವ ಅಲ್ಯೂಮಿನಿಯಂ ಪೆಟ್ಟಿಗೆ ಕಣ್ಣಿಗೆ ಚೆನ್ನ, ಬೀಗ ಹಾಕಬಹುದು, ಹೋಟೆಲಿನ ಮುಂದೆ ನಿಲ್ಲಿಸಿ ನೆಮ್ಮದಿಯಾಗಿ ಊಟ ಮಾಡಬಹುದು. ಆದರೆ ಕಲ್ಲುದಾರಿಯಲ್ಲಿ ಆಯ ತಪ್ಪಿ ಕಾಲು ನೆಲಕ್ಕಿಟ್ಟಾಗ ಗಾಡಿ ಮುಂದೆ ಸಾಗುತ್ತಿರುತ್ತದೆ, ಕಾಲು ಹಿಂದೆ ಉಳಿಯುತ್ತದೆ, ಆ ಪೆಟ್ಟಿಗೆಯ ಅಂಚು ಸೀದಾ ಮೀನಖಂಡಕ್ಕೆ ಬರುತ್ತದೆ. ಮೂಳೆ ಮುರಿಯಲು ಅಷ್ಟು ಸಾಕು. ಬಟ್ಟೆಯ ಸ್ಯಾಡಲ್ ಬ್ಯಾಗಾದರೆ ಮಡಚಿಕೊಳ್ಳುತ್ತದೆ. ಬಿದ್ದಾಗ ಗಾಡಿಗೂ ಕಾಲಿಗೂ ಅದೇ ದಿಂಬು. ಖಾಲಿ ಪೆಟ್ಟಿಗೆಗಳೂ ಅವುಗಳ ಕಬ್ಬಿಣದ ಚೌಕಟ್ಟೂ ಸೇರಿದರೆ ಸಾಮಾನು ತುಂಬುವ ಮೊದಲೇ ಹತ್ತಾರು ಕೆ.ಜಿ. ಆಗಿರುತ್ತದೆ ಎಂಬುದು ಬೇರೆ. ಬಟ್ಟೆ ಬ್ಯಾಗಿಗೆ ಮಳೆಯ ಭಯ. ಜೊತೆಗೆ ಕೊಡುವ ರೇನ್ ಕವರು ನೂರು ಕಿ.ಮೀ. ವೇಗದ ಗಾಳಿಗೆ ಹಾರಿಹೋಗುತ್ತದೆ. ನೀರು ಒಳಗೆ ಬರಲಿ, ಒಳಗಿನ ಸಾಮಾನು ನೆನೆಯದಿರಲಿ ಎಂಬುದು ಸರಿಯಾದ ನೀತಿ. ಮಲೆನಾಡಿನಲ್ಲಿ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು ಗದ್ದೆ ನೆಟ್ಟವರಿಗೆ ಇದನ್ನು ಕಲಿಸಬೇಕಾಗಿಲ್ಲ. ಆ ಚೀಲದ ಒಳಪದರದ ದಪ್ಪ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ, ಅದರೊಳಗೆ ಬಟ್ಟೆ ತುಂಬಿ, ಬಾಯಿ ತಿರುಚಿ ಕಟ್ಟಿ ಸ್ಯಾಡಲ್ ಬ್ಯಾಗಿಗಿಳಿಸಿದೆ. ಒಂದು ಸಾಕ್ಸೂ ಒದ್ದೆಯಾಗಲಿಲ್ಲ.

ನನ್ನ ಗಾಡಿಯ ಸೈಲೆನ್ಸರ್ ಮೇಲ್ಮುಖದ್ದು. ಹೊಳೆ ದಾಟಲು ಒಳ್ಳೆಯದು, ಬಲಗಡೆಯ ಬ್ಯಾಗಿಗೆ ಯಮ. ನಡುವೆ ಎರಡು ಬೆರಳಿನ ಜಾಗ ಇದೆ ಅಂತ ನೋಡಿ ಸುಮ್ಮನಾದೆ. ಆ ಜಾಗ ಗಾಡಿ ನಿಂತಾಗಿನದು. ಓಡುವಾಗ ಬ್ಯಾಗು ತೂಗುತ್ತದೆ. ಹೊರಡುವ ಮುಂಚಿನ ಒಂದು ತಾಲೀಮಿನಲ್ಲಿ ತುಮಕೂರು ದಾಟುವುದರೊಳಗೆ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು, ಮುಂದಿನ ಲಾರಿಯದೆಂದು ಬೈದುಕೊಂಡೆ, ಆಮೇಲೆ ನೋಡಿದರೆ ನನ್ನದೇ. ತಗಡಿನ ತಡೆ, ಬ್ಯಾಗನ್ನು ದೂರ ಹಿಡಿದಿಡಲು ಸ್ಟೇ ಕಂಬಿ, ಎರಡೂ ಬೇಕೇ ಬೇಕು. ಸ್ಟೇ ಕೂರಿಸುವಾಗ ಸೀರೆ ಗಾರ್ಡು ಅಡ್ಡ ಬರುತ್ತದೆ, ಬಿಚ್ಚಿ ಬಿಸಾಡಿ ಅನ್ನುವವರು ಸಿಗುತ್ತಾರೆ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧವಾದರೂ ಮುಚ್ಚಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಬಿಚ್ಚುವ ಮೊದಲು ಹಿಂದೆ ಯಾರು ಕೂರುತ್ತಾರೆ ಅಂತ ನೆನಪಿಸಿಕೊಳ್ಳಿ. ಬ್ಯಾಗಿನ ನೇತಾಡುವ ಪಟ್ಟಿಗೂ ಚಕ್ರಕ್ಕೂ ಬಲು ಸ್ನೇಹ ಎಂಬುದು ಇನ್ನೊಂದು ಕಾರಣ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕಳೆದದ್ದು ಚಕ್ರದ ಜೊತೆ. ಕಡ್ಡಿ ಚಕ್ರ ಅಂದರೆ ಈ ಗಾಡಿಗಳಲ್ಲಿ ಹೆಚ್ಚಾಗಿ ಟ್ಯೂಬಿನ ಟೈರು. ಟ್ಯೂಬ್‌ಲೆಸ್ ಆದರೆ ಮೊಳೆ ಕಿತ್ತು ದಾರ ಚುಚ್ಚಿ ಹತ್ತು ನಿಮಿಷಕ್ಕೆ ಹೊರಡಬಹುದು. ಟ್ಯೂಬಾದರೆ ಚಕ್ರ ಬಿಚ್ಚಬೇಕು, ಟೈರು ಕಳಚಬೇಕು. ಬೆಂಗಳೂರಿನಲ್ಲಿ ಪ್ರತಿ ಸರ್ಕಲ್ಲಿಗೊಂದು ಪಂಚರ್ ಅಂಗಡಿ ಇದೆ, ಲಡಾಖಿನ ಮೋರೆ ಬಯಲಿನಲ್ಲಿ ಇಲ್ಲ. ಅದಕ್ಕೇ ಒಂದು ಭಾನುವಾರ ಮನೆಯಲ್ಲೇ ತಾಲೀಮು. ಷರತ್ತು ಒಂದೇ: ದಾರಿಗೆ ಒಯ್ಯುವ ಚೀಲದಲ್ಲಿರುವ ಟೂಲ್ಸು ಬಿಟ್ಟು ಬೇರೇನನ್ನೂ ಮುಟ್ಟಬಾರದು. ಐದೇ ನಿಮಿಷಕ್ಕೆ ನನ್ನ ಚೀಲದಲ್ಲಿ ಹಿಂದಿನ ಆಕ್ಸಲ್ ನಟ್ಟಿನ ಸ್ಪ್ಯಾನರ್ ಇಲ್ಲವೆಂದು ಗೊತ್ತಾಯಿತು. ಮೂರು ಸಾವಿರ ಕಿ.ಮೀ. ಆಚೆ ಗೊತ್ತಾಗಬೇಕಾದ್ದು ಅಂಗಳದಲ್ಲೇ ಗೊತ್ತಾಯಿತಲ್ಲ.

ನನ್ನ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಇಲ್ಲ. ಸೈಡ್ ಸ್ಟ್ಯಾಂಡಿನ ಕಡೆಗೆ ವಾಲಿಸಿ, ಬಲಗಡೆಯ ಚೌಕಟ್ಟಿಗೆ ಗಟ್ಟಿ ಕೋಲಿನ ಊರೆ ಕೊಟ್ಟರೆ ಹಿಂದಿನ ಚಕ್ರ ನೆಲ ಬಿಡುತ್ತದೆ. ಮುಂದಿನ ಬ್ರೇಕನ್ನು ರಬ್ಬರ್ ಪಟ್ಟಿಯಿಂದ ಬಿಗಿದಿಡಬೇಕು. ಆಮೇಲಿನ ಯುದ್ಧ ಟೈರಿನ ಅಂಚಿನದು. ವರ್ಷಗಟ್ಟಲೆ ರಿಮ್ಮಿಗೆ ಅಂಟಿ ಕೂತಿರುವ ಅದನ್ನು ಕಾಲಿನಿಂದ ತುಳಿದರೆ ಕದಲುವುದಿಲ್ಲ. ಇನ್ನೊಂದು ಬೈಕಿನ ಸೈಡ್ ಸ್ಟ್ಯಾಂಡನ್ನು ಟೈರಿನ ಮೇಲಿಟ್ಟು ಆ ಬೈಕನ್ನು ವಾಲಿಸಿದರೆ 'ಟಪ್' ಅಂತ ಬಿಟ್ಟುಕೊಡುತ್ತದೆ. ಲಿವರ್ ಹಾಕುವಾಗ ಎಲ್ಲರೂ ಮರೆಯುವುದು ಒಂದು ಗುಟ್ಟನ್ನು: ರಿಮ್ಮಿನ ನಟ್ಟನಡುವೆ ಆಳವಾದ ಕಾಲುವೆಯಿದೆ. ಲಿವರ್ ಎತ್ತುವ ಜಾಗಕ್ಕೆ ಸರಿಯಾಗಿ ಎದುರುಬದಿಯ ಅಂಚನ್ನು ಮಂಡಿಯಿಂದ ಒತ್ತಿ ಆ ಕಾಲುವೆಗೆ ಇಳಿಸಿದರೆ ಈ ಕಡೆ ಸಡಿಲ ಸಿಗುತ್ತದೆ. ಇಳಿಸದೆ ಬರೀ ತೋಳಬಲದಲ್ಲಿ ಮೀಟಿದರೆ ಲಿವರ್ ಬಗ್ಗುತ್ತದೆ, ಇಲ್ಲವೇ ಟ್ಯೂಬು ಕಚ್ಚಿಕೊಳ್ಳುತ್ತದೆ. ನನಗೆ ಮೊದಲ ಸಲ ಮೂರು ಗಂಟೆ ಹಿಡಿಯಿತು. ಪಂಚರಾಗದ ಟ್ಯೂಬನ್ನು ತೆಗೆದು, ಹೊಸ ಟ್ಯೂಬು ಹಾಕಿ, ಅದಕ್ಕೆ ಲಿವರಿನಿಂದ ನಾನೇ ತೂತು ಮಾಡಿದೆ. ಮೂರನೇ ತಾಲೀಮಿಗೆ ನಲವತ್ತು ನಿಮಿಷಕ್ಕೆ ಬಂತು. ಸ್ಪೇರ್ ಟ್ಯೂಬು ಒಂದೇ ಒಯ್ಯುವುದಾದರೆ ಮುಂದಿನ 21 ಇಂಚಿನದನ್ನೇ ಒಯ್ಯಿರಿ. ಆಪತ್ತಿಗೆ ಅದನ್ನು ಹಿಂದಿನ 18ರ ಚಕ್ರದೊಳಗೂ ತುರುಕಿ ಮುಂದಿನ ಊರು ಸೇರಬಹುದು.

ಗಾಳಿಯ ಲೆಕ್ಕ ಸ್ವಾರಸ್ಯದ್ದು. ಬೆಟ್ಟ ಹತ್ತಿದ ಹಾಗೆ ಚಿಪ್ಸ್ ಪ್ಯಾಕೆಟ್ಟು ಉಬ್ಬುವುದನ್ನು ನೋಡಿದವರು ಟೈರಿನ ಗಾಳಿಯನ್ನೂ ಇಳಿಸಬೇಕು ಅನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಎಂಬುದನ್ನು. ಬೆಂಗಳೂರಿನ ಎತ್ತರದಲ್ಲಿ ಹೊರಗಿನ ಒತ್ತಡ ಸುಮಾರು 13 ಪಿ.ಎಸ್.ಐ., 5,328 ಮೀಟರಿನ ತಂಗ್ಲಾಂಗ್ ಲಾ ಕಣಿವೆದಾರಿಯ ನೆತ್ತಿಯಲ್ಲಿ ಎಂಟಕ್ಕೂ ಕಡಿಮೆ. ಇಲ್ಲಿ 28 ತುಂಬಿದ್ದು ಅಲ್ಲಿ 33 ದಾಟಬೇಕು. ಆದರೆ ಇಲ್ಲಿ 30 ಡಿಗ್ರಿ ಬಿಸಿಲಿನಲ್ಲಿ ತುಂಬಿದ ಗಾಳಿ ಅಲ್ಲಿ ಸೊನ್ನೆ ಡಿಗ್ರಿಯಲ್ಲಿ ಕುಗ್ಗುತ್ತದೆ, ಆ ಲೆಕ್ಕ ಹಾಕಿದರೆ 29–30ಕ್ಕೆ ಬಂದು ನಿಲ್ಲುತ್ತದೆ. ಎತ್ತರ ಕೊಟ್ಟದ್ದನ್ನು ಚಳಿ ಕಿತ್ತುಕೊಂಡಿತು. ಮಧ್ಯಾಹ್ನ ಬಿಸಿಲೇರಿ ಟೈರು ಬಿಸಿಯಾದಾಗ ಕಥೆ ಮತ್ತೆ ಬದಲು. ಹಾಗಾಗಿ ಯಾರ ಸೂತ್ರವನ್ನೂ ನಂಬದೆ ಜೇಬಿನಲ್ಲಿ ಗೇಜು ಇಟ್ಟುಕೊಂಡು ಬೆಳಿಗ್ಗೆ ಹೊರಡುವ ಮುಂಚೆ ಅಲ್ಲೇ ಅಳೆಯುವುದು ಮೇಲು.

ಅದೇ ತೆಳುಗಾಳಿ ಎಂಜಿನ್ನಿಗೂ ಹೋಗಬೇಕು. ತಂಗ್ಲಾಂಗ್ ಲಾದಲ್ಲಿ ಒಂದು ಉಸಿರಿಗೆ ಸಿಗುವ ಗಾಳಿ ಬೆಂಗಳೂರಿನದರ ಹತ್ತರಲ್ಲಿ ಆರು ಪಾಲು. ಸುಮಾರು 19 ಕುದುರೆಗಳಲ್ಲಿ ಹನ್ನೊಂದೋ ಹನ್ನೆರಡೋ ಕೆಲಸಕ್ಕೆ ಬರುತ್ತವೆ, ಉಳಿದವು ರಜೆ ಹಾಕುತ್ತವೆ. ಹಳೆಯ ಕಾರ್ಬುರೇಟರ್ ಗಾಡಿಯಾದರೆ ಗಾಳಿ ಕಡಿಮೆಯಾದರೂ ಪೆಟ್ರೋಲ್ ಹೆಚ್ಚುಕಡಿಮೆ ಹಿಂದಿನಷ್ಟೇ ಸುರಿದು ಕಪ್ಪು ಹೊಗೆ ಬಿಡುತ್ತಿತ್ತು. ಈಗಿನ ಫ್ಯೂಯೆಲ್ ಇಂಜೆಕ್ಷನ್ ಗಾಳಿ ಅಳೆದು ಪೆಟ್ರೋಲ್ ಕೊಡುತ್ತದೆ. ಆದರೆ ಇಲ್ಲದ ಗಾಳಿಯನ್ನು ಅದೂ ತರಲಾರದು. ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಇರುವುದನ್ನು ಹಾಕಿದರೆ ಏರಿನಲ್ಲಿ ಎಳೆತ ಹೆಚ್ಚುತ್ತದೆ, ಹೆದ್ದಾರಿಯಲ್ಲಿ ಎಂಜಿನ್ ಹೆಚ್ಚು ಅರಚುತ್ತದೆ. ನಾನು ಹಾಕಲಿಲ್ಲ. ಹತ್ತೊಂಬತ್ತು ಕೆ.ಜಿ. ಇಳಿಸಿದ್ದೆನಲ್ಲ, ಹಲ್ಲು ಕೀಳಿಸುವುದಕ್ಕಿಂತ ಅದು ಅಗ್ಗ.

ಪೆಟ್ರೋಲ್ ವಿಷಯದಲ್ಲಿ ಲಾಹೋಲ್ ಕಣಿವೆಯ ತಾಂಡಿ ಎಂಬ ಊರಿನ ಬಂಕು ಪ್ರಸಿದ್ಧ. ಮುಂದಿನ ಬಂಕು 365 ಕಿ.ಮೀ. ದೂರದಲ್ಲಿದೆ ಎಂದು ಅಲ್ಲಿ ನೆಟ್ಟ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ಸವಾರನಿಲ್ಲ. 2020ರ ಅಕ್ಟೋಬರಿನಲ್ಲಿ ಒಂಬತ್ತು ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ತಾಂಡಿಗೆ ಬರುವುದು ಸಲೀಸಾಯಿತು. ತಾಂಡಿಯಿಂದ ಮುಂದಿನ ದಾರಿಯನ್ನು ಅದು ಗಿಡ್ಡ ಮಾಡಲಿಲ್ಲ. ನನ್ನ ಟ್ಯಾಂಕು 13 ಲೀಟರಿನದು. ಬಯಲಿನಲ್ಲಿ ಲೀಟರಿಗೆ 40 ಕೊಡುವ ಗಾಡಿ ಭಾರ ಹೊತ್ತು, ಎರಡನೇ ಗೇರಿನಲ್ಲಿ ಗಾಟಾ ಲೂಪ್ಸಿನ 21 ತಿರುವು ಹತ್ತುವಾಗ 30 ಕೊಟ್ಟರೆ ಪುಣ್ಯ. 13 ಗುಣಿಸು 30, 390. ಲೆಕ್ಕಕ್ಕೆ ದಾಟಿತು, ಆದರೆ ಕೈಯಲ್ಲಿ ಉಳಿಯುವುದು ಇಪ್ಪತ್ತೈದು ಕಿ.ಮೀ. ಮಾತ್ರ, ಕೊನೆಯಲ್ಲಿ ಎದೆಬಡಿತದಲ್ಲಿ ಹೋಗಬೇಕು, ನಡುವೆ ರಸ್ತೆ ಕುಸಿದು ಹಿಂತಿರುಗಬೇಕಾದರೆ ಮುಗಿಯಿತು. ಅದಕ್ಕೆ ಐದು ಲೀಟರಿನ ಜೆರ್‍ರಿ ಕ್ಯಾನ್. ಐದು ಲೀಟರ್ ಪೆಟ್ರೋಲ್ ನಾಲ್ಕು ಕೆ.ಜಿ.ಗೂ ಕಡಿಮೆ. ಆದರೆ ಬೆಂಗಳೂರಿನಿಂದಲೇ ತುಂಬಿಕೊಂಡು ಹೊರಡುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ. ತಾಂಡಿಯ ತನಕ ಕ್ಯಾನು ಖಾಲಿಯೇ ಇರಲಿ, ಅಲ್ಲಿ ತುಂಬಿಸಿ, ದಾಟಿದ ಮೇಲೆ ಟ್ಯಾಂಕಿನಲ್ಲಿ ಅಷ್ಟು ಜಾಗ ಆದ ತಕ್ಷಣ ಸುರಿದುಬಿಡಿ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬುವವರ ಬಗ್ಗೆ ಬರೆಯುವುದಿಲ್ಲ, ಸಿಟ್ಟು ಬರುತ್ತದೆ.

ಉಳಿದದ್ದು ಬೇಗ ಮುಗಿಸುತ್ತೇನೆ. ಎಂಜಿನ್ನಿನ ಹೊಟ್ಟೆಗೆ ಗಟ್ಟಿ ಬ್ಯಾಷ್ ಪ್ಲೇಟ್, ಕೈಗೆ ಹ್ಯಾಂಡ್ ಗಾರ್ಡ್: ಈ ಎರಡಕ್ಕೆ ಖರ್ಚು ಮಾಡಿ. ಬ್ರೇಕ್ ಮತ್ತು ಕ್ಲಚ್ ಲಿವರಿನ ಹಿಡಿಕೆಯ ಬೋಲ್ಟನ್ನು ಕೈಯಿಂದ ಬಲವಾಗಿ ತಿರುಗಿಸಿದರೆ ತಿರುಗುವಷ್ಟು ಸಡಿಲ ಇಟ್ಟರೆ ಬಿದ್ದಾಗ ಲಿವರ್ ಮುರಿಯದೆ ಜರುಗುತ್ತದೆ. ಸ್ಪೇರ್ ಕ್ಲಚ್ ಕೇಬಲ್ಲನ್ನು ಬ್ಯಾಗಿನಲ್ಲಿ ಇಡುವ ಬದಲು ಈಗಿರುವ ಕೇಬಲ್ಲಿನ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿಡಿ. ಹಳೆಯದು ಕಡಿದರೆ ತುದಿ ಬದಲಿಸಿ ಹೊರಡುವುದಷ್ಟೇ. ಎಂ-ಸೀಲ್, ಜಿಪ್ ಟೈ, ಒಂದು ಸುರುಳಿ ಕಟ್ಟುತಂತಿ ಇದ್ದರೆ ಅರ್ಧ ವರ್ಕ್‌ಶಾಪ್ ಇದ್ದ ಹಾಗೆ. ಚೈನಿಗೆ 500 ಕಿ.ಮೀ.ಗೊಮ್ಮೆ ಲ್ಯೂಬ್, ತೊಳೆಯಲು ಪೆಟ್ರೋಲ್ ಬೇಡ, ಚೈನಿನೊಳಗಿನ ರಬ್ಬರ್ ಉಂಗುರಗಳು ಹಾಳಾಗುತ್ತವೆ, ಸೀಮೆಎಣ್ಣೆಯಾದರೆ ಸರಿ.

ಫಾಗ್ ಲೈಟ್ ಹಾಕುವುದಾದರೆ ರಿಲೇ, ಫ್ಯೂಸ್ ಇಲ್ಲದೆ ಹಾಕಿಸಬೇಡಿ. ರಿಲೇ ಅಂದರೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಇದ್ದ ಹಾಗೆ: ಗುಂಡಿಯಲ್ಲಿ ಹರಿಯುವುದು ಚೂರು ಕರೆಂಟು, ಭಾರದ ಕರೆಂಟಿಗೆ ಬೇರೆ ದಾರಿ. ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ನಮ್ಮ ರಾಜ್ಯದ ಪೊಲೀಸರು 2024ರ ಜುಲೈಯಿಂದ ಕೇಸು ಹಾಕತೊಡಗಿದರು, ಹಾಕಿದ್ದು ಸರಿಯೇ. ಫೋನಿಗೆ ಪೋಸ್ಟ್‌ಪೇಯ್ಡ್ ಸಿಮ್ ಇರಲಿ, ಹೊರರಾಜ್ಯದ ಪ್ರೀಪೇಯ್ಡ್ ಲಡಾಖಿನಲ್ಲಿ ಮೂಕ. ಬೆಂಗಳೂರಿನಿಂದ ದೆಹಲಿ ತನಕದ 2,100 ಕಿ.ಮೀ. ಹೆದ್ದಾರಿ ಓಡಿಸಲು ನಿಮಗೆ ರಜೆಯೂ ಇಲ್ಲ, ಮನಸ್ಸೂ ಇಲ್ಲ ಅಂದರೆ ನಾಚಿಕೆ ಬೇಡ. ಯಶವಂತಪುರದಿಂದ ಚಂಡೀಗಢಕ್ಕೆ ಕರ್ನಾಟಕ ಸಂಪರ್ಕ ಕ್ರಾಂತಿ ರೈಲಿದೆ. ಟ್ಯಾಂಕು ಖಾಲಿ ಮಾಡಿ, ಗೋಣಿ ಸುತ್ತಿಸಿ, ಪಾರ್ಸೆಲ್ ಮಾಡಿಸಿ. ಮಣ್ಣಿನ ದಾರಿಗೆಂದು ಕೊಂಡ ಗುಂಡಿ ಟೈರನ್ನು ಹೆದ್ದಾರಿಯಲ್ಲಿ ಸವೆಸುವುದೂ ತಪ್ಪುತ್ತದೆ.

ಹೊರಡುವ ಐದು ದಿನ ಮುಂಚೆ ಕೊನೆಯ ತಾಲೀಮಿಗೆಂದು ಸಕಲೇಶಪುರದ ಕಡೆ ಹೋದೆ. ಜೂನಿನ ಮೊದಲ ಮಳೆ ಬಿದ್ದು ಎರಡು ದಿನವಾಗಿತ್ತು. ಸ್ನೇಹಿತರ ಕಾಫಿ ತೋಟದ ಇಳಿಜಾರಿನಲ್ಲಿ ಕೆಮ್ಮಣ್ಣು ಬೆಣ್ಣೆಯಾಗಿತ್ತು. ಮುಂದಿನ ಬ್ರೇಕನ್ನು ಮುಟ್ಟಿದ್ದಷ್ಟೇ ನೆನಪು, ಗಾಡಿ ಬಲಕ್ಕೆ ಮಲಗಿತ್ತು, ನಾನು ಒಂದು ಕಾಫಿ ಗಿಡ ತಬ್ಬಿಕೊಂಡಿದ್ದೆ. ಕೊಪ್ಪೆ ಹೊದ್ದ ತೋಟದ ಆಳು ಮೇಲಿನಿಂದ ಇಳಿದು ಬಂದ. "ಹಿಡೀಲಾ ಸಾರ್?" ಅಂದ. "ಒಂದ್ನಿಮಿಷ, ನೋಡ್ತೀನಿ" ಅಂದೆ. ಎಂಜಿನ್ ಆಫ್, ಗೇರ್ ಒಂದು, ಸೈಡ್ ಸ್ಟ್ಯಾಂಡ್ ಹೊರಗೆ, ಬೆನ್ನು ಸೀಟಿಗೆ. ಬೂಟು ಒಂದು ಸಲ ಜಾರಿತು. ಕಾಫಿ ಗಿಡದ ಬೇರಿಗೆ ಹಿಮ್ಮಡಿ ಕೊಟ್ಟು ಮತ್ತೆ ಒತ್ತಿದೆ. ಗಾಡಿ ಎದ್ದಿತು, ಸ್ಟ್ಯಾಂಡಿನ ಮೇಲೆ ಕೂತಿತು, ಸ್ಟ್ಯಾಂಡು ಮಣ್ಣಿಗಿಳಿಯತೊಡಗಿತು. ಆತ ಒಂದು ಚಪ್ಪಟೆ ಕಲ್ಲು ತಂದು ಅದರಡಿ ಸೇರಿಸಿದ.

ಬಲಗಡೆಯ ಬ್ಯಾಗು ಮಾತ್ರ ಕೆಸರಿನಲ್ಲೇ ಉಳಿದಿತ್ತು. ಬಕಲ್ಲು ಮುರಿದಿತ್ತು. ಸಾವಿರಾರು ರೂಪಾಯಿಯ ಬ್ಯಾಗು, ಅದಕ್ಕೆ ಇಷ್ಟು ತೆಳ್ಳಗಿನ ಪ್ಲಾಸ್ಟಿಕ್ ಬಕಲ್ಲು. ಆತ ಅದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ. "ಇದ್ಯಾವ್ದು ಸಾರ್, ಮಕ್ಳಾಟ" ಅಂದು, ಸೊಂಟಕ್ಕೆ ಸುತ್ತಿಕೊಂಡಿದ್ದ ನೀಲಿ ನೈಲಾನ್ ಹಗ್ಗ ಬಿಚ್ಚಿ, ಸ್ಟೇ ಕಂಬಿಗೆ ಎರಡು ಸುತ್ತು ಹಾಕಿ, ಜೀಪಿನ ಮೇಲೆ ಕಾಫಿ ಮೂಟೆ ಬಿಗಿಯುವ ಗಂಟು ಹಾಕಿ, ಕಾಲು ಕೊಟ್ಟು ಎಳೆದ. ಹಗ್ಗಕ್ಕೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಭಾಯ್ ಆ ಗಂಟನ್ನು ನೋಡಿ, ಬಿಚ್ಚಲು ನೋಡಿ, ಬಿಟ್ಟುಬಿಟ್ಟ. "ಇದು ಹಂಗೇ ಇರ್ಲಿ ಸಾರ್" ಅಂದ. ಲೇಹ್‌ಗೆ ಹೋಗಿ ಬರುವ ತನಕ ಅದು ಹಾಗೇ ಇತ್ತು.